ಪುಸ್ತಕದಲ್ಲಿ 92, ಮೀಟರಿನಲ್ಲಿ 108: ಗರ್ಭಿಣಿಯ ತೂಕ ಮತ್ತು ಶುಗರ್ ಕುರಿತ ಒಂದು ಪ್ರಕರಣ

30ನೇ ವಾರದ ಸ್ಕ್ಯಾನ್ ವರದಿಗೂ, ಮನೆಯಲ್ಲಿ ಮೀಟರಿನಿಂದ ನೋಡಿದ ಶುಗರ್ ಬರೆದಿಟ್ಟು ಗರ್ಭಿಣಿ ತಂದಿದ್ದ ಪುಸ್ತಕಕ್ಕೂ ತಾಳೆಯೇ ಆಗಲಿಲ್ಲ. ಪುಸ್ತಕದ ಪ್ರಕಾರ ಖಾಲಿ ಹೊಟ್ಟೆಯ ಶುಗರ್ ಎರಡು ವಾರದಿಂದ 88 ಮತ್ತು 94ರ ನಡುವೆ ಇತ್ತು. ಊಟದ ನಂತರದ್ದೂ ಮಿತಿಯಲ್ಲೇ ಇತ್ತು. ಸ್ಕ್ಯಾನ್ ಬೇರೆಯೇ ಹೇಳುತ್ತಿತ್ತು. ಮಗುವಿನ ತಲೆಯ ಅಳತೆ ವಾರಕ್ಕೆ ತಕ್ಕಂತೆ ಇತ್ತು, ಹೊಟ್ಟೆಯ ಸುತ್ತಳತೆ ಮಾತ್ರ 90ನೇ ಪರ್ಸೆಂಟೈಲ್ ದಾಟಿತ್ತು. ಅಂದರೆ ಅದೇ ವಾರದ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ತೊಂಬತ್ತು ಮಕ್ಕಳಿಗಿಂತ ಈ ಮಗುವಿನ ಹೊಟ್ಟೆ ದೊಡ್ಡದು. ತಲೆ ಮಾಮೂಲಿ, ಹೊಟ್ಟೆ ದೊಡ್ಡದು ಎಂದಾಗ ಮೊದಲು ಅನುಮಾನ ಬರುವುದು ತಾಯಿಯ ಶುಗರ್ ಮೇಲೆ. ಪುಸ್ತಕ ಮಾತ್ರ ಎಲ್ಲ ಸರಿ ಇದೆ ಎನ್ನುತ್ತಿತ್ತು.

ಮುಂದೆ ಹೋಗುವ ಮೊದಲು ಒಂದು ಮಾತು. ಇದು ಒಬ್ಬ ನಿಜ ವ್ಯಕ್ತಿಯ ದಾಖಲೆ ಅಲ್ಲ. ಇಂಥ ಗರ್ಭಧಾರಣೆಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಸೇರಿಸಿ ಕಟ್ಟಿದ ಪ್ರಕರಣ. ಆಕೆಯ ತೂಕ, ಶುಗರ್, ಇನ್ಸುಲಿನ್ ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು. ನಡುವೆ ಬರುವ ಅಧ್ಯಯನಗಳು, ಮಾನದಂಡಗಳು ನಿಜವಾದವು.

ಹಿನ್ನೆಲೆ

ವಯಸ್ಸು 33. ಎರಡನೇ ಬಸಿರು. ಎತ್ತರ 158 ಸೆಂ.ಮೀ., ಮೊದಲ ಭೇಟಿಯಲ್ಲಿ ತೂಕ 84 ಕಿಲೋ. ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಸಿಗುತ್ತದೆ. ಇಲ್ಲಿ ಅದು 33.6. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 30 ದಾಟಿದರೆ ಬೊಜ್ಜು. ಆಕೆಯ ತಾಯಿಗೆ ಟೈಪ್ 2 ಡಯಾಬಿಟಿಸ್ ಇದೆ. ಮೊದಲ ಮಗು ಹುಟ್ಟಿದಾಗ 4.1 ಕಿಲೋ ಇತ್ತು, ಸಹಜ ಹೆರಿಗೆ. ಆಗಿನ ಶುಗರ್ ಪರೀಕ್ಷೆಯಲ್ಲಿ ಪಾಸಾಗಿದ್ದರು, ಆದರೆ ಮಿತಿಯ ಅಂಚಿನಲ್ಲಿ.

ಅಂಚಿನಲ್ಲಿ ಪಾಸಾದದ್ದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ಅಲ್ವಾ? ದಾಖಲೆಯಲ್ಲಿ "ನಾರ್ಮಲ್" ಎಂದು ಒಂದೇ ಪದ ಇತ್ತು.

ಮೊದಲ ಬಸಿರಿನ ಶುರುವಿನಲ್ಲಿ ತೂಕ 74 ಕಿಲೋ ಇತ್ತು. ಅಂದರೆ ಎರಡು ಬಸಿರುಗಳ ನಡುವೆ ಹತ್ತು ಕಿಲೋ ಏರಿದೆ, ಬಿಎಂಐ ಸುಮಾರು 4 ಹೆಚ್ಚಾಗಿದೆ. ಸ್ವೀಡನ್‌ನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರ ಎರಡು ಹೆರಿಗೆಗಳನ್ನು ಹೋಲಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ನಡುವಿನ ಅವಧಿಯಲ್ಲಿ ಬಿಎಂಐ 3 ಅಥವಾ ಅದಕ್ಕಿಂತ ಹೆಚ್ಚು ಏರಿದವರಲ್ಲಿ ಬಸಿರಿನ ಬಿಪಿ ತೊಂದರೆ, ಬಸಿರಿನ ಮಧುಮೇಹ, ಗರ್ಭದಲ್ಲೇ ಮಗು ತೀರಿಹೋಗುವ ಅಪಾಯ ಎಲ್ಲವೂ ಹೆಚ್ಚಿದ್ದವು. ಹಾಗೆ ತೂಕ ಏರಿದವರೆಲ್ಲ ಬೊಜ್ಜಿನ ಗುಂಪಿಗೆ ಸೇರಿದವರೇನೂ ಅಲ್ಲ. ಎಷ್ಟು ತೂಕ ಎಂಬುದರ ಜೊತೆಗೆ ಎಷ್ಟು ಏರಿತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮೊದಲ ಮಗುವಿನ ನಂತರದ ವರ್ಷಗಳಲ್ಲಿ ಈ ಮಾತನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಬಾಣಂತನ ಮುಗಿದ ಮೇಲೆ ಮಗುವಿನ ತೂಕ ನೋಡುವವರು ಇದ್ದರು, ತಾಯಿಯ ತೂಕ ನೋಡುವವರು ಇರಲಿಲ್ಲ.

ಮೊದಲ ಭೇಟಿ

9ನೇ ವಾರದಲ್ಲಿ ಖಾಲಿ ಹೊಟ್ಟೆಯ ಶುಗರ್ 88, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಶೇ. 5.5. ಎರಡೂ ಸರಿಯೇ. ಅಪಾಯದ ಲಕ್ಷಣ ಇರುವವರಿಗೆ ಶುರುವಿನಲ್ಲೇ ಈ ಪರೀಕ್ಷೆ ಮಾಡುವುದಕ್ಕೆ ಕಾರಣವಿದೆ. ಬಸಿರಿಗೆ ಮೊದಲೇ ಇದ್ದು ಗೊತ್ತಾಗದೇ ಹೋದ ಡಯಾಬಿಟಿಸ್ ಇದ್ದರೆ ಈಗಲೇ ಸಿಗಬೇಕು. ಮಗುವಿನ ಹೃದಯ, ಬೆನ್ನುಹುರಿ ಎಲ್ಲ ರೂಪುಗೊಳ್ಳುವುದು ಮೊದಲ ಕೆಲವು ವಾರಗಳಲ್ಲೇ. ಆ ಹೊತ್ತಿನಲ್ಲಿ ಶುಗರ್ ಹೆಚ್ಚಿದ್ದರೆ ಅಂಗಗಳ ದೋಷದ ಅಪಾಯ ಏರುತ್ತದೆ. ಆಕೆಯ ವಿಷಯದಲ್ಲಿ ಆ ಚಿಂತೆ ಇರಲಿಲ್ಲ.

ಬಿಪಿ ತೊಂದರೆಯ ಅಪಾಯ ಇದ್ದುದರಿಂದ 12ನೇ ವಾರದಿಂದ ಕಡಿಮೆ ಡೋಸಿನ ಆಸ್ಪಿರಿನ್ ಶುರುವಾಯಿತು. ಫೋಲಿಕ್ ಆಮ್ಲ ಆಗಲೇ ನಡೆಯುತ್ತಿತ್ತು. ಮೈ ತೂಕ ಜಾಸ್ತಿ ಇದ್ದಾಗ ಸ್ಕ್ಯಾನ್‌ನಲ್ಲಿ ಮಗು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ, ಹಾಗಾಗಿ ಅಂಗಾಂಗ ನೋಡುವ ಸ್ಕ್ಯಾನ್ ಎರಡು ಸಲ ಮಾಡಬೇಕಾಗಬಹುದು ಎಂದೂ ಮೊದಲೇ ತಿಳಿಸಿದರು. ಇದೆಲ್ಲ ಚೆನ್ನಾಗೇ ನಡೆಯಿತು.

ತೂಕದ ಮಾತು ಮಾತ್ರ ಚೆನ್ನಾಗಿ ನಡೆಯಲಿಲ್ಲ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2009ರಲ್ಲಿ ಕೊಟ್ಟ ಮಾರ್ಗಸೂಚಿಯನ್ನು ಬಹಳ ಕಡೆ ಬಳಸುತ್ತಾರೆ. ಬಸಿರಿಗೆ ಮೊದಲು ಬಿಎಂಐ 30 ದಾಟಿದ್ದರೆ ಇಡೀ ಬಸಿರಿನಲ್ಲಿ 5ರಿಂದ 9 ಕಿಲೋ ಏರಿದರೆ ಸಾಕು. ಮಾಮೂಲಿ ತೂಕದವರಿಗೆ ಅದು 11.5ರಿಂದ 16 ಕಿಲೋ. ಆಕೆಗೆ ಹೇಳಿದ್ದು ಇದಲ್ಲ. "ಇನ್ನು ತೂಕ ಏರಿಸಬೇಡಿ, ಈಗಾಗಲೇ ಬೇಕಾದಷ್ಟಿದೆ" ಎಂದಷ್ಟೇ ಹೇಳಿದರು. ಪ್ರತಿ ಭೇಟಿಯಲ್ಲೂ ತೂಕದ ಯಂತ್ರದ ಮುಂದೆ ಯಾರಾದರೂ ಒಬ್ಬರು ಏನಾದರೂ ಅನ್ನುತ್ತಿದ್ದರು. ಯಾರೂ ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ 20ನೇ ವಾರದ ಹೊತ್ತಿಗೆ, ತನಗೆ ಏನೇ ತೊಂದರೆ ಆದರೂ ಅದು ತನ್ನ ತೂಕದಿಂದಲೇ, ತನ್ನ ತಪ್ಪಿನಿಂದಲೇ ಎಂದು ಆಕೆ ನಂಬಿಬಿಟ್ಟಿದ್ದರು. ಈ ಪ್ರಕರಣದಲ್ಲಿ ಮುಂದೆ ಆದದ್ದರ ಬೇರು ಇಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಮಾಸು ಮಾಡುವ ಕೆಲಸ

26ನೇ ವಾರದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ 101, ಒಂದು ಗಂಟೆಗೆ 188, ಎರಡು ಗಂಟೆಗೆ 149. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಒಪ್ಪಿಕೊಂಡ ಮಿತಿಗಳು ಕ್ರಮವಾಗಿ 92, 180, 153, ಎಲ್ಲವೂ ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕ. ಮೂರರಲ್ಲಿ ಒಂದು ಮಿತಿ ಮುಟ್ಟಿದರೂ ಬಸಿರಿನ ಮಧುಮೇಹ ಎನ್ನುತ್ತಾರೆ. ಇಲ್ಲಿ ಎರಡು ದಾಟಿದ್ದವು.

"9ನೇ ವಾರದಲ್ಲಿ ಸರಿ ಇತ್ತಲ್ಲ, ನಾನೇನು ಮಾಡಿಬಿಟ್ಟೆ?" ಎಂಬುದು ಆಕೆಯ ಮೊದಲ ಪ್ರಶ್ನೆ.

ಆಕೆ ಏನೂ ಮಾಡಿರಲಿಲ್ಲ. ಮಾಡಿದ್ದು ಮಾಸು. ಬಸಿರಿನ ಅರ್ಧ ದಾಟಿದ ಮೇಲೆ ಮಾಸಿನಿಂದ ಹಲವು ಹಾರ್ಮೋನುಗಳು ಹೆಚ್ಚು ಹೆಚ್ಚಾಗಿ ಬರುತ್ತವೆ. ತಾಯಿಯ ಮೈಯಲ್ಲಿ ಇನ್ಸುಲಿನ್ ಅಷ್ಟು ಸುಲಭವಾಗಿ ಕೆಲಸ ಮಾಡದಂತೆ ಅವು ತಡೆಯುತ್ತವೆ. ಇದು ಕಾಯಿಲೆಯಲ್ಲ. ತಾಯಿಯ ರಕ್ತದಲ್ಲಿ ಗ್ಲೂಕೋಸ್ ಸ್ವಲ್ಪ ಹೊತ್ತು ಜಾಸ್ತಿ ಉಳಿದರೆ ಮಗುವಿಗೆ ಸಿಗುತ್ತದೆ, ಅದಕ್ಕಾಗಿ ಈ ಏರ್ಪಾಡು. ಎಲ್ಲ ಗರ್ಭಿಣಿಯರಲ್ಲೂ ಹೀಗೇ ಆಗುತ್ತದೆ. ಇದನ್ನು ಸರಿದೂಗಿಸಲು ಮೇದೋಜೀರಕ ಗ್ರಂಥಿ ಕೊನೆಯ ತಿಂಗಳುಗಳಲ್ಲಿ ಮೊದಲಿನ ಎರಡರಿಂದ ಮೂರು ಪಟ್ಟು ಇನ್ಸುಲಿನ್ ಸುರಿಸಬೇಕು. ಬಹುತೇಕರ ಗ್ರಂಥಿಗೆ ಅದು ಸಾಧ್ಯವಾಗುತ್ತದೆ. ಬೊಜ್ಜಿನಿಂದ ಮೊದಲೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೆ, ಮನೆತನದಲ್ಲಿ ಡಯಾಬಿಟಿಸ್ ಇದ್ದರೆ, ಗ್ರಂಥಿಗೆ ಅಷ್ಟು ಎಟುಕುವುದಿಲ್ಲ. ತೂಕ ಒಂದು ಕಾರಣ, ನಿಜ. ಆದರೆ ತೆಳ್ಳಗಿರುವವರಿಗೂ ಇದು ಬರುತ್ತದೆ, ಬೊಜ್ಜಿರುವ ಎಷ್ಟೋ ಜನಕ್ಕೆ ಬರುವುದೇ ಇಲ್ಲ.

ಬಸಿರಾದ ಮೇಲೆ ಊಟ, ನಡಿಗೆ ಸರಿಮಾಡಿಕೊಂಡಿದ್ದರೆ ತಪ್ಪಿಸಬಹುದಿತ್ತೇ? ಬ್ರಿಟನ್ನಿನಲ್ಲಿ ಬೊಜ್ಜಿರುವ 1,555 ಗರ್ಭಿಣಿಯರ ಮೇಲೆ ನಡೆದ ಅಪ್‌ಬೀಟ್ ಪ್ರಯೋಗ ಇದನ್ನೇ ಪರೀಕ್ಷಿಸಿತು. 2015ರಲ್ಲಿ ಫಲಿತಾಂಶ ಬಂತು. ಎರಡನೇ ತ್ರೈಮಾಸಿಕದಿಂದ ಊಟ ಮತ್ತು ವ್ಯಾಯಾಮದ ಸಹಾಯ ಪಡೆದವರಲ್ಲಿ ಶೇ. 25, ಪಡೆಯದವರಲ್ಲಿ ಶೇ. 26 ಮಂದಿಗೆ ಬಸಿರಿನ ಮಧುಮೇಹ ಬಂತು. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ತೂಕದ ಏರಿಕೆ ಸ್ವಲ್ಪ ತಗ್ಗಿತು, ಮಧುಮೇಹ ತಪ್ಪಲಿಲ್ಲ. ತಡೆಯುವ ಕೆಲಸ ಏನಿದ್ದರೂ ಬಸಿರಿಗೆ ಮೊದಲು. 26ನೇ ವಾರದಲ್ಲಿ ಕೂತು ಗರ್ಭಿಣಿಯನ್ನು ಬೈಯುವುದರಿಂದ ಯಾರಿಗೂ ಏನೂ ಸಿಗುವುದಿಲ್ಲ.

ಚಿಕಿತ್ಸೆಯಿಂದ ಸಿಗುತ್ತದೆ. ಆಸ್ಟ್ರೇಲಿಯಾದಲ್ಲಿ ಸಾವಿರ ಗರ್ಭಿಣಿಯರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಚಿಕಿತ್ಸೆ ಪಡೆದವರ ಮಕ್ಕಳಲ್ಲಿ ಗಂಭೀರ ತೊಂದರೆ ಶೇ. 1, ಮಾಮೂಲಿ ಆರೈಕೆ ಪಡೆದವರ ಮಕ್ಕಳಲ್ಲಿ ಶೇ. 4 ಇತ್ತು.

ರಾತ್ರಿ ಊಟ ಬಿಟ್ಟ ಎರಡು ವಾರ

ಆಕೆಗೆ ಮೀಟರ್ ಕೊಟ್ಟರು. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ನೋಡಬೇಕು: ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಮತ್ತೆ ಮೂರೂ ಊಟದ ಒಂದು ಗಂಟೆಯ ನಂತರ. ಖಾಲಿ ಹೊಟ್ಟೆಯದ್ದು 95ರ ಕೆಳಗೆ, ಊಟದ ನಂತರದ್ದು 140ರ ಕೆಳಗೆ ಇರಬೇಕು. ಡಯಟಿಷಿಯನ್ ಜೊತೆ ಅರ್ಧ ಗಂಟೆ ಮಾತೂ ಆಯಿತು. ಧಾನ್ಯ, ಸಿಹಿ, ಹಣ್ಣು ಒಂದೇ ಹೊತ್ತಿಗೆ ಸೇರದಂತೆ ಹಂಚಿ ತಿನ್ನಿ, ಪ್ರತಿ ಊಟದಲ್ಲೂ ಪ್ರೋಟೀನ್ ಮತ್ತು ತರಕಾರಿ ಇರಲಿ, ಊಟವಾದ ಮೇಲೆ ಸ್ವಲ್ಪ ನಡೆಯಿರಿ. ಎಲ್ಲ ಸರಿಯಾದ ಮಾತೇ.

ಊಟದ ನಂತರದ ಅಂಕಿಗಳು ಒಂದು ವಾರದಲ್ಲೇ ಹಿಡಿತಕ್ಕೆ ಬಂದವು. ಬೆಳಗಿನ ತಿಂಡಿಯ ನಂತರದ್ದು ಮಾತ್ರ 150ರ ಆಸುಪಾಸು ಆಡುತ್ತಿತ್ತು. ಬೆಳಗಿನ ಹೊತ್ತು ಮೈಯ ಇತರ ಹಾರ್ಮೋನುಗಳ ಜೋರು ಹೆಚ್ಚು, ಇನ್ಸುಲಿನ್ ಮಾತು ಕಡಿಮೆ ನಡೆಯುತ್ತದೆ. ಅದೇ ಊಟವನ್ನು ಮಧ್ಯಾಹ್ನ ಮಾಡಿದರೆ ಶುಗರ್ ಅಷ್ಟು ಏರುವುದಿಲ್ಲ.

ಖಾಲಿ ಹೊಟ್ಟೆಯ ಅಂಕಿ ಮಾತ್ರ ಜಗ್ಗಲಿಲ್ಲ. 104, 101, 107. ಆಕೆ ರಾತ್ರಿ ಊಟ ಕಡಿಮೆ ಮಾಡಿದರು. ಬೆಳಗ್ಗೆ 106. ರಾತ್ರಿ ಊಟವನ್ನೇ ಬಿಟ್ಟರು. ಬೆಳಗ್ಗೆ 109.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೊರಗಿನಿಂದ ನೋಡುವವರಿಗೆ ಇದು ಅರ್ಥವೇ ಆಗುವುದಿಲ್ಲ. ಊಟ ಬಿಟ್ಟರೆ ಶುಗರ್ ಇಳಿಯಬೇಕಲ್ಲ? ಬೆಳಗಿನ ಶುಗರ್ ಬರುವುದು ಹೆಚ್ಚಾಗಿ ತಟ್ಟೆಯಿಂದಲ್ಲ, ಲಿವರ್‌ನಿಂದ. ರಾತ್ರಿಯಿಡೀ ಮಿದುಳಿಗೆ, ಮಗುವಿಗೆ ಗ್ಲೂಕೋಸ್ ಬೇಕು. ಊಟ ಇಲ್ಲದ ಹೊತ್ತಿನಲ್ಲಿ ಅದನ್ನು ಪೂರೈಸುವುದು ಲಿವರ್. ಎಷ್ಟು ಬಿಡಬೇಕು ಎಂದು ಅದಕ್ಕೆ ಹೇಳಿ ತಡೆಯುವುದು ಇನ್ಸುಲಿನ್. ಆ ತಡೆ ಸಡಿಲವಾದಾಗ ಲಿವರ್ ಬೇಕಾದ್ದಕ್ಕಿಂತ ಹೆಚ್ಚು ಸುರಿಯುತ್ತದೆ. ರಾತ್ರಿ ಬಹಳ ಹೊತ್ತು ಉಪವಾಸವಿದ್ದರೂ ಅದು ನಿಲ್ಲುವುದಿಲ್ಲ. ಹಾಗಾಗಿ ಖಾಲಿ ಹೊಟ್ಟೆಯ ಅಂಕಿಯನ್ನು ಬರೀ ಊಟದಿಂದ ಹಿಡಿಯುವುದು ಕಷ್ಟ. ಔಷಧ ಬೇಕು ಎಂದು ಹೇಳುವುದೂ ಹೆಚ್ಚಾಗಿ ಇದೇ ಅಂಕಿ.

ಇದನ್ನು ಆಕೆಗೆ ಯಾರೂ ವಿವರಿಸಿರಲಿಲ್ಲ. ಬೆಳಗಿನ ಅಂಕಿ ಎಂದರೆ ಹಿಂದಿನ ರಾತ್ರಿಯ ಶಿಸ್ತಿನ ಮಾರ್ಕು ಎಂದುಕೊಂಡಿದ್ದರು.

28ನೇ ವಾರದ ಭೇಟಿಯಲ್ಲಿ ಆಕೆ ಪುಸ್ತಕದಲ್ಲಿ ಇದ್ದದ್ದನ್ನು ಇದ್ದಂತೆಯೇ ತೋರಿಸಿದರು. ಖಾಲಿ ಹೊಟ್ಟೆಯ ಅಂಕಿ ನೋಡಿದವರು ಕೇಳಿದ್ದು ಒಂದೇ ಪ್ರಶ್ನೆ: "ರಾತ್ರಿ ಏನು ತಿಂತಿದೀರಿ?" ದಾಖಲೆಯಲ್ಲಿ "ಪಥ್ಯದಲ್ಲಿ ಸಹಕಾರ ಸಾಲದು" ಎಂದು ಬರೆದರು. ಅದೇ ಭೇಟಿಯಲ್ಲಿ ತೂಕ 88ರಿಂದ 86.5ಕ್ಕೆ ಇಳಿದಿತ್ತು. ಅದಕ್ಕೆ ಶಹಬ್ಬಾಸ್ ಸಿಕ್ಕಿತು. ಊಟ ಬಿಟ್ಟದ್ದಕ್ಕೆ ಹೊಗಳಿಕೆ, ಲಿವರ್ ಮಾಡಿದ ಕೆಲಸಕ್ಕೆ ಬೈಗುಳ. ಎರಡೂ ತಲೆಕೆಳಗು.

ಅಲ್ಲಿಂದ ಮುಂದೆ ಪುಸ್ತಕದಲ್ಲಿ 88, 92, 90 ಬರತೊಡಗಿದವು.

ಮೀಟರ್ ಕೇಳಿದ ನರ್ಸ್

30ನೇ ವಾರದಲ್ಲಿ ಸ್ಕ್ಯಾನ್ ನೋಡಿದ ವೈದ್ಯರು ಮೊದಲು ತಾರೀಖಿನ ಲೆಕ್ಕ ತಪ್ಪಿರಬಹುದೇ ಎಂದು ಯೋಚಿಸಿದರು. ತಪ್ಪಿರಲಿಲ್ಲ. ಮನೆತನದಲ್ಲೇ ದೊಡ್ಡ ಮಕ್ಕಳು ಹುಟ್ಟುತ್ತಾರೇನೋ ಎಂದರು, ಮೊದಲನೆಯದೂ ದೊಡ್ಡದಿತ್ತಲ್ಲ. ಆದರೆ ಬರೀ ಮೈಕಟ್ಟಿನಿಂದ ದೊಡ್ಡದಾದ ಮಗುವಿಗೆ ತಲೆ, ಹೊಟ್ಟೆ, ತೊಡೆಮೂಳೆ ಮೂರೂ ಒಟ್ಟಿಗೆ ದೊಡ್ಡದಿರುತ್ತವೆ. ಇಲ್ಲಿ ಹೊಟ್ಟೆ ಒಂದೇ ಮುಂದೆ ಓಡಿತ್ತು. ಮೂತ್ರದಲ್ಲಿ ಕೀಟೋನ್ ಕೂಡ ಕಂಡಿತ್ತು. ಕೀಟೋನ್ ಎಂದರೆ ಮೈ ಕೊಬ್ಬು ಕರಗಿಸಿ ಬದುಕುತ್ತಿದೆ, ಹೊಟ್ಟೆಗೆ ಸರಿಯಾಗಿ ಬೀಳುತ್ತಿಲ್ಲ ಎಂಬ ಗುರುತು.

ಡಯಾಬಿಟಿಸ್ ನೋಡಿಕೊಳ್ಳುವ ನರ್ಸ್ ಪುಸ್ತಕ ತಿರುವಿದರು. 28ನೇ ವಾರದವರೆಗಿನ ಪುಟಗಳು ಮಾಸಿದ್ದವು, ಅಲ್ಲಲ್ಲಿ ರಕ್ತದ ಚುಕ್ಕೆ, ಬೇರೆ ಬೇರೆ ಪೆನ್ನು, ಒಂದೆರಡು ಖಾಲಿ ಜಾಗ. ಆಮೇಲಿನ ಎರಡು ವಾರ ಒಂದೇ ಪೆನ್ನು, ಒಂದೇ ಕೈಬರಹ, ಒಂದೂ ಖಾಲಿ ಜಾಗ ಇಲ್ಲ. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿಕೊಳ್ಳುವ ಮನುಷ್ಯರ ಪುಸ್ತಕ ಅಷ್ಟು ಚೊಕ್ಕವಾಗಿ ಇರುವುದು ಕಷ್ಟ.

ನರ್ಸ್ ಆರೋಪ ಮಾಡಲಿಲ್ಲ. "ಮೀಟರ್ ತಂದಿದೀರಾ? ಗಡಿಯಾರ ಸರಿ ಇದೆಯಾ ನೋಡ್ತೀನಿ" ಎಂದರು. ಮೀಟರಿನ ನೆನಪಿನಲ್ಲಿ ಅಂಕಿಗಳೆಲ್ಲ ಇದ್ದವು. ಖಾಲಿ ಹೊಟ್ಟೆಯದ್ದು 103ರಿಂದ 112. ಪುಸ್ತಕದಲ್ಲಿ 92 ಎಂದಿದ್ದ ದಿನ ಮೀಟರಿನಲ್ಲಿ 108.

"ಸುಮ್ನೆ ಬೈತಾರೆ ಅಂತ ಬರೆದೆ ಮೇಡಂ. ರಾತ್ರಿ ಏನೂ ತಿಂತಿಲ್ಲ ಅಂದ್ರೂ ಯಾರೂ ನಂಬಲ್ಲ."

ಇಂಥ ಸಂಗತಿ ಅಪರೂಪ ಎಂದುಕೊಳ್ಳಬೇಡಿ. ಮೀಟರಿನ ನೆನಪು ಮತ್ತು ಕೈಬರಹದ ಪುಸ್ತಕ ಹೊಂದದೇ ಇರುವುದು ಡಯಾಬಿಟಿಸ್ ಚಿಕಿತ್ಸೆಯಲ್ಲಿ ಹಳೆಯ, ಎಲ್ಲರಿಗೂ ಗೊತ್ತಿರುವ ಸಮಸ್ಯೆ. ಅದನ್ನು ಸುಳ್ಳು ಎಂದು ಕರೆದು ಮುಗಿಸಿದರೆ ತಿಳಿಯಬೇಕಾದ್ದು ತಿಳಿಯದೇ ಹೋಗುತ್ತದೆ. ಸುಳ್ಳು ಅಂಕಿ ಬರೆದ ಹೆಣ್ಣುಮಗಳು ಚಿಕಿತ್ಸೆ ಬೇಡ ಎಂದಿರಲಿಲ್ಲ. ದಿನವೂ ತಪ್ಪದೆ ಬೆರಳು ಚುಚ್ಚಿಕೊಂಡಿದ್ದರು. ನಿಜ ಹೇಳಿದ ದಿನ ಸಿಕ್ಕ ಪ್ರತಿಕ್ರಿಯೆಯಿಂದ ಪಾಠ ಕಲಿತಿದ್ದರು, ಅಷ್ಟೇ. ಅದರ ಬೆಲೆ ಎರಡು ವಾರ. ಮಗು ಅತಿ ವೇಗವಾಗಿ ಬೆಳೆಯುವ ಹೊತ್ತಿನಲ್ಲಿ ಎರಡು ವಾರ ಇನ್ಸುಲಿನ್ ತಡವಾಯಿತು. ನನ್ನ ಪ್ರಕಾರ ಈ ತಡಕ್ಕೆ ಕಾರಣ ಆಕೆಯ ಪುಸ್ತಕವಲ್ಲ, 28ನೇ ವಾರದ ಆ ಒಂದು ಪ್ರಶ್ನೆ. ಊಟ ಸರಿಪಡಿಸಿ ಎರಡು ವಾರವಾದರೂ ಖಾಲಿ ಹೊಟ್ಟೆಯ ಅಂಕಿ ಮೂರರಂಕಿಯಲ್ಲೇ ಇದ್ದಾಗ ಔಷಧದ ಮಾತು ಅಂದೇ ಆಗಬೇಕಿತ್ತು.

ನರ್ಸ್ ಲಿವರ್‌ನ ವಿಷಯ ಹೇಳಿದರು. ಒಂದು ಹಾಳೆಯ ಮೇಲೆ ಚಿತ್ರ ಬರೆದು, ಐದು ನಿಮಿಷದಲ್ಲಿ. ಆಕೆ ಕೇಳಿದರು: "ಹಾಗಾದ್ರೆ ನಾನು ಊಟ ಮಾಡಬಹುದಾ?"

ಇನ್ಸುಲಿನ್

ಅಂದು ರಾತ್ರಿಯಿಂದಲೇ ಊಟ ವಾಪಸ್ ಬಂತು, ಮಲಗುವ ಮೊದಲು ಸ್ವಲ್ಪ ಪ್ರೋಟೀನ್ ಇರುವ ತಿಂಡಿಯೂ ಸೇರಿತು. ಔಷಧದಲ್ಲಿ ಎರಡು ದಾರಿಗಳಿದ್ದವು. ಮೆಟ್‌ಫಾರ್ಮಿನ್ ಮಾತ್ರೆ ಅಥವಾ ಇನ್ಸುಲಿನ್. 2008ರ ಮಿಗ್ ಪ್ರಯೋಗದಲ್ಲಿ 751 ಗರ್ಭಿಣಿಯರಲ್ಲಿ ಎರಡನ್ನೂ ಹೋಲಿಸಿದ್ದರು. ಮಕ್ಕಳ ತೊಂದರೆಗಳಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಮಾತ್ರೆಯನ್ನೇ ಹೆಚ್ಚು ತಾಯಂದಿರು ಇಷ್ಟಪಟ್ಟರು. ಆದರೆ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 46 ಮಂದಿಗೆ ಕೊನೆಗೆ ಇನ್ಸುಲಿನ್ನೂ ಬೇಕಾಯಿತು. ಮೆಟ್‌ಫಾರ್ಮಿನ್ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ಇನ್ಸುಲಿನ್ ಹೋಗುವುದಿಲ್ಲ. ಈಗಾಗಲೇ 30 ವಾರ, ಮಗುವಿನ ಹೊಟ್ಟೆ ಮುಂದೆ ಓಡಿದೆ, ತೊಂದರೆ ಇರುವುದು ಮುಖ್ಯವಾಗಿ ರಾತ್ರಿಯ ಹೊತ್ತು. ಮಲಗುವಾಗ ಹಾಕುವ ಮಧ್ಯಮ ಅವಧಿಯ ಇನ್ಸುಲಿನ್ ಇದಕ್ಕೆ ನೇರ ಉತ್ತರ. ಆಕೆ ಅದನ್ನೇ ಒಪ್ಪಿಕೊಂಡರು.

ಒಪ್ಪುವ ಮೊದಲು ಒಂದು ಸಲ ಅತ್ತರು. ಸೂಜಿಯ ಭಯಕ್ಕಲ್ಲ. ಇನ್ಸುಲಿನ್ ಬಂತೆಂದರೆ ತಾನು ಫೇಲಾದೆ ಎಂದೇ ಆಕೆಯ ಲೆಕ್ಕ.

10 ಯೂನಿಟ್‌ನಿಂದ ಶುರು. ಖಾಲಿ ಹೊಟ್ಟೆಯದ್ದು 95ರ ಮೇಲಿದ್ದರೆ ಮೂರು ದಿನಕ್ಕೊಮ್ಮೆ 2 ಯೂನಿಟ್ ಏರಿಕೆ. 34ನೇ ವಾರಕ್ಕೆ 24 ಯೂನಿಟ್ ತಲುಪಿದರು, ಬೆಳಗಿನ ಅಂಕಿ 86ರಿಂದ 93ಕ್ಕೆ ಬಂತು. ಡೋಸ್ ಏರುತ್ತಲೇ ಹೋದದ್ದು ನೋಡಿ ಗಾಬರಿಯಾದರು. ಅದು ಕಾಯಿಲೆ ಬಿಗಡಾಯಿಸಿದ ಗುರುತಲ್ಲ, ಮಾಸು ಬೆಳೆದಂತೆ ಇನ್ಸುಲಿನ್ ಅಗತ್ಯವೂ ಬೆಳೆಯುತ್ತದೆ. ಒಂದು ರಾತ್ರಿ ಮೂರು ಗಂಟೆಗೆ ಬೆವರಿ ಎದ್ದು ನೋಡಿದರೆ 62. ಹೇಳಿಕೊಟ್ಟಂತೆ 15 ಗ್ರಾಂ ಸಕ್ಕರೆ ನೀರಿಗೆ ಬೆರೆಸಿ ಕುಡಿದರು, ಕಾಲು ಗಂಟೆ ಬಿಟ್ಟು ಮತ್ತೆ ನೋಡಿದರು, ಸರಿಹೋಯಿತು. ಅಂದು ಮಲಗುವ ಮುಂಚಿನ ತಿಂಡಿ ಬಿಟ್ಟಿದ್ದರು. ಇದನ್ನು ಪುಸ್ತಕದಲ್ಲಿ ಇದ್ದಂತೆಯೇ ಬರೆದಿದ್ದರು, ತಿಂಡಿ ಬಿಟ್ಟದ್ದನ್ನೂ ಸೇರಿಸಿ.

ಬೆಳಗಿನ ತಿಂಡಿಯ ಸಮಸ್ಯೆಗೆ ಇನ್ಸುಲಿನ್ ಬೇಕಾಗಲಿಲ್ಲ. ತಿಂಡಿಯಲ್ಲಿ ಧಾನ್ಯದ ಪಾಲು ತಗ್ಗಿಸಿ, ಆದ ತಕ್ಷಣ ಒಂದಿಷ್ಟು ನಡೆದರು. ಬೆಳಗ್ಗೆ ಬಿಟ್ಟದ್ದನ್ನು ನಡುಹೊತ್ತಿನಲ್ಲಿ ತಿಂದರು. ಸಾಕಾಯಿತು.

ಕೊನೆಯ ವಾರಗಳು, ಹೆರಿಗೆ

32ನೇ ವಾರದಿಂದ ಮಗುವಿನ ಹೃದಯ ಬಡಿತದ ಪರೀಕ್ಷೆ ನಿಯಮಿತವಾಗಿ ನಡೆಯಿತು. ಮಗು ಆಡುವುದು ಕಡಿಮೆಯಾದರೆ ಮರುದಿನದವರೆಗೆ ಕಾಯದೆ ಬರಬೇಕು ಎಂದು ಹೇಳಿದ್ದರು. ಬಿಪಿ ಏರಲಿಲ್ಲ. 36ನೇ ವಾರದ ಸ್ಕ್ಯಾನ್‌ನಲ್ಲಿ ಹೊಟ್ಟೆಯ ಸುತ್ತಳತೆ 90ನೇ ಪರ್ಸೆಂಟೈಲ್‌ನ ಕೆಳಗೆ ಬಂದಿತ್ತು.

38ನೇ ವಾರದಲ್ಲಿ ಅಂದಾಜು ತೂಕ 3.8 ಕಿಲೋ. ಆಗ ಸಿಸೇರಿಯನ್ ಮಾತು ಬಂತು. ಶುಗರ್ ಹೆಚ್ಚಿದ್ದ ತಾಯಿಯ ಮಗುವಿಗೆ ಕೊಬ್ಬು ಕೂಡುವುದು ಭುಜ ಮತ್ತು ಹೊಟ್ಟೆಯ ಕಡೆ. ತಲೆ ಹೊರಬಂದ ಮೇಲೆ ಭುಜ ಸಿಕ್ಕಿಹಾಕಿಕೊಳ್ಳಬಹುದು. ಅದು ನಿಮಿಷಗಳ ಲೆಕ್ಕದ ತುರ್ತು, ಮಗುವಿನ ತೋಳಿನ ನರಕ್ಕೆ ಪೆಟ್ಟಾಗಬಹುದು. ಹಾಗಾಗಿ ಭಯ ಸುಳ್ಳಲ್ಲ. ಆದರೆ ಸ್ಕ್ಯಾನ್ ತೂಕ ಬರೀ ಅಂದಾಜು, ಶೇ. 10ರಿಂದ 15ರಷ್ಟು ಆಚೀಚೆ ಆಗಬಹುದು, ದೊಡ್ಡ ಮಕ್ಕಳಲ್ಲಿ ಇನ್ನೂ ಹೆಚ್ಚು ತಪ್ಪುತ್ತದೆ. ಅಮೆರಿಕದ ಹೆರಿಗೆ ತಜ್ಞರ ಸಂಘ, ತಾಯಿಗೆ ಡಯಾಬಿಟಿಸ್ ಇದ್ದು ಅಂದಾಜು ತೂಕ 4.5 ಕಿಲೋ ದಾಟಿದಾಗ ಸಿಸೇರಿಯನ್ ಬಗ್ಗೆ ಮಾತಾಡಿ ಎನ್ನುತ್ತದೆ. ಇನ್ನೊಂದು ಕಡೆ, ಬೊಜ್ಜಿರುವವರಲ್ಲಿ ಆಪರೇಷನ್ ಗಾಯಕ್ಕೆ ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚು. ಈ ತಾಯಿ ಈಗಾಗಲೇ 4.1 ಕಿಲೋ ಮಗುವನ್ನು ಸಹಜವಾಗಿ ಹೆತ್ತವರು. ಲೆಕ್ಕ ಹಾಕಿ, ಆಕೆಯ ಜೊತೆಯೇ ಕೂತು, 39ನೇ ವಾರದಲ್ಲಿ ನೋವು ಬರಿಸಿ ಸಹಜ ಹೆರಿಗೆಗೆ ಪ್ರಯತ್ನಿಸುವುದೆಂದು ತೀರ್ಮಾನಿಸಿದರು.

ನೋವಿನ ಹೊತ್ತಿನಲ್ಲಿ ಪದೇ ಪದೇ ಶುಗರ್ ನೋಡುತ್ತಿದ್ದರು. ಭುಜ ಸಿಕ್ಕಿದರೆ ಯಾರು ಏನು ಮಾಡಬೇಕು ಎಂದು ಮೊದಲೇ ಮಾತಾಡಿಕೊಂಡಿದ್ದರು. ಅದರ ಅಗತ್ಯ ಬೀಳಲಿಲ್ಲ. ಹೆಣ್ಣು ಮಗು, 3.72 ಕಿಲೋ. ಇಡೀ ಬಸಿರಿನಲ್ಲಿ ತಾಯಿಯ ತೂಕ ಏರಿದ್ದು 5.5 ಕಿಲೋ.

ಮಗುವಿನ ಮೊದಲ ದಿನ

ಹುಟ್ಟಿದ ಅರ್ಧ ಗಂಟೆಯೊಳಗೆ ಎದೆಹಾಲು ಕೊಡಿಸಿದರು. ಆಮೇಲೆ ಹಿಮ್ಮಡಿಯಿಂದ ರಕ್ತ ತೆಗೆದು ನೋಡಿದರೆ ಶುಗರ್ 34.

ಮನೆಯವರಿಗೆ ಇದು ಒಗಟು. ತಾಯಿಗೆ ಶುಗರ್ ಜಾಸ್ತಿ, ಮಗುವಿಗೆ ಕಡಿಮೆ, ಹೇಗೆ? ಡೆನ್ಮಾರ್ಕಿನ ವೈದ್ಯ ಯೋರ್ಗನ್ ಪೀಡರ್ಸನ್ 1950ರ ದಶಕದಲ್ಲಿ ಕೊಟ್ಟ ವಿವರಣೆ ಇವತ್ತಿಗೂ ನಿಂತಿದೆ. ಗ್ಲೂಕೋಸ್ ಮಾಸನ್ನು ದಾಟುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಬಂದ ಸಕ್ಕರೆಯನ್ನು ಸಂಭಾಳಿಸಲು ಮಗು ತನ್ನದೇ ಇನ್ಸುಲಿನ್ ಹೆಚ್ಚು ಮಾಡಿಕೊಳ್ಳುತ್ತದೆ. ಆ ಇನ್ಸುಲಿನ್ನೇ ಕೊಬ್ಬು ಕೂಡಿಸುತ್ತದೆ, ಹೊಟ್ಟೆ ದೊಡ್ಡದಾಗುವುದು ಅದರಿಂದಲೇ. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ಸಕ್ಕರೆ ಬರುವುದು ನಿಲ್ಲುತ್ತದೆ. ಮಗುವಿನ ಇನ್ಸುಲಿನ್ ಮಾತ್ರ ಇನ್ನೂ ಕೆಲವು ಗಂಟೆ ಅದೇ ಜೋರಿನಲ್ಲಿ ಓಡುತ್ತಿರುತ್ತದೆ. 9 ದೇಶಗಳ 23,000ಕ್ಕೂ ಹೆಚ್ಚು ಗರ್ಭಿಣಿಯರನ್ನು ನೋಡಿದ ಹಾಪೋ ಅಧ್ಯಯನ 2008ರಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ತೋರಿಸಿತು. ತಾಯಿಯ ಶುಗರ್ ಏರಿದಂತೆಲ್ಲ ಹೊಕ್ಕುಳಬಳ್ಳಿಯ ರಕ್ತದಲ್ಲಿ ಮಗುವಿನ ಇನ್ಸುಲಿನ್ ಗುರುತು ಏರಿತ್ತು, ಮಗುವಿನ ಗಾತ್ರವೂ ಏರಿತ್ತು. ಇಲ್ಲಿಂದ ಕೆಳಗೆ ಅಪಾಯವೇ ಇಲ್ಲ ಎನ್ನುವ ಗೆರೆ ಎಲ್ಲೂ ಕಾಣಲಿಲ್ಲ.

ಮಗುವಿನ ಕೆನ್ನೆಯ ಒಳಗೆ ಗ್ಲೂಕೋಸ್ ಜೆಲ್ ಸವರಿ ಮತ್ತೆ ಹಾಲೂಡಿಸಿದರು. ಮುಂದಿನ ಪರೀಕ್ಷೆಯಲ್ಲಿ 52, ಆಮೇಲೆ 58. ಮಗುವನ್ನು ತಾಯಿಯ ಹತ್ತಿರದಿಂದ ಒಯ್ಯಬೇಕಾಗಲಿಲ್ಲ. ಮೂರನೇ ದಿನ ಸ್ವಲ್ಪ ಕಾಮಾಲೆ ಕಂಡಿತು, ಚಿಕಿತ್ಸೆ ಬೇಕಾಗುವಷ್ಟು ಇರಲಿಲ್ಲ.

ಹಾಲು ತುಂಬಿ ಬರಲು ನಾಲ್ಕು ದಿನ ಹಿಡಿಯಿತು. ಬೊಜ್ಜು ಮತ್ತು ಡಯಾಬಿಟಿಸ್ ಎರಡೂ ಇದ್ದವರಲ್ಲಿ ಹಾಲು ಇಳಿಯುವುದು ತಡವಾಗುವುದುಂಟು. ಇದನ್ನು ಮೊದಲೇ ಹೇಳಿ, ಪದೇ ಪದೇ ಹಾಲೂಡಿಸಲು ಕೂತು ಸಹಾಯ ಮಾಡಿದ್ದರಿಂದ ಆಕೆ ಧೈರ್ಯಗೆಡಲಿಲ್ಲ.

ಹೆರಿಗೆಯ ನಂತರ

ಮಾಸು ಬಿದ್ದ ಮೇಲೆ ಇನ್ಸುಲಿನ್ ನಿಲ್ಲಿಸಿದರು. ಮರುದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 91. ಇಲ್ಲಿಗೆ ಮುಗಿಯಿತು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಹೆರಿಗೆಯಾಗಿ 4ರಿಂದ 12 ವಾರದೊಳಗೆ ಮತ್ತೆ 75 ಗ್ರಾಂ ಪರೀಕ್ಷೆ ಮಾಡಬೇಕು. ಎಷ್ಟೋ ತಾಯಂದಿರು ಇದಕ್ಕೆ ಬರುವುದೇ ಇಲ್ಲ. ಎಳೆ ಮಗು ಬಿಟ್ಟು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಎರಡು ಗಂಟೆ ಕೂರುವುದು ಯಾರಿಗೆ ಸುಲಭ? ನರ್ಸ್ ಇದನ್ನು ಮಗುವಿನ ಲಸಿಕೆಯ ದಿನಕ್ಕೇ ಹೊಂದಿಸಿದರು.

8ನೇ ವಾರದ ಫಲಿತಾಂಶ: ಖಾಲಿ ಹೊಟ್ಟೆ 106, ಎರಡು ಗಂಟೆಗೆ 152. ತೂಕ 83. ಬಸಿರಿಲ್ಲದಾಗ ಡಯಾಬಿಟಿಸ್ ಎನ್ನಲು ಖಾಲಿ ಹೊಟ್ಟೆ 126 ಅಥವಾ ಎರಡು ಗಂಟೆಗೆ 200 ಬೇಕು. ಅಲ್ಲಿಗೆ ಮುಟ್ಟಿಲ್ಲ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಮಾನದಂಡದಲ್ಲಿ ಇದು ಪ್ರೀಡಯಾಬಿಟಿಸ್, ಅಂದರೆ ಡಯಾಬಿಟಿಸ್‌ಗೆ ಮುಂಚಿನ ಹಂತ. ಈ ಸಲ ಆಕೆ "ನಾನೇನು ಮಾಡಿದೆ" ಎಂದು ಕೇಳಲಿಲ್ಲ. "ಮುಂದೇನು" ಎಂದರು.

ಮುಂದಿನ ದಾರಿ ಸಲೀಸಲ್ಲ. ಹಾಪೋದಲ್ಲಿದ್ದ ತಾಯಂದಿರನ್ನು ಸುಮಾರು 11 ವರ್ಷಗಳ ನಂತರ ಮತ್ತೆ ಪರೀಕ್ಷಿಸಿ 2018ರಲ್ಲಿ ವರದಿ ಕೊಟ್ಟರು. ಈಗಿನ ಮಾನದಂಡದಂತೆ ಆಗ ಬಸಿರಿನ ಮಧುಮೇಹ ಇದ್ದವರಲ್ಲಿ ಶೇ. 52 ಮಂದಿಗೆ ಪ್ರೀಡಯಾಬಿಟಿಸ್ ಅಥವಾ ಡಯಾಬಿಟಿಸ್ ಬಂದಿತ್ತು. ಇಲ್ಲದವರಲ್ಲಿ ಅದು ಶೇ. 20. ಇನ್ನೊಂದು ಕಡೆ ಭರವಸೆಯೂ ಇದೆ. ಅಮೆರಿಕದಲ್ಲಿ ನಡೆದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂನಲ್ಲಿ ಹಿಂದೆ ಬಸಿರಿನ ಮಧುಮೇಹ ಆಗಿದ್ದ ಹೆಂಗಸರು ಇದ್ದರು. ಅವರಲ್ಲಿ ತೂಕ ಶೇ. 7ರಷ್ಟು ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡ ಗುಂಪಿನಲ್ಲೂ, ಮೆಟ್‌ಫಾರ್ಮಿನ್ ತೆಗೆದುಕೊಂಡ ಗುಂಪಿನಲ್ಲೂ ಡಯಾಬಿಟಿಸ್ ಬರುವುದು ಸುಮಾರು ಅರ್ಧಕ್ಕೆ ಇಳಿಯಿತು. ಆಕೆಯ 83 ಕಿಲೋಗೆ ಶೇ. 7 ಎಂದರೆ ಆರು ಕಿಲೋಗಿಂತ ಸ್ವಲ್ಪ ಕಡಿಮೆ. ಇಪ್ಪತ್ತು ಕಿಲೋ ಇಳಿಸಿ ಎಂದು ಹೇಳಿಸಿಕೊಂಡು ಸುಸ್ತಾದವರಿಗೆ ಆರು ಕಿಲೋ ಎಂಬುದು ಕೈಗೆಟುಕುವ ಅಂಕಿ.

ಸದ್ಯಕ್ಕೆ ಮಾತ್ರೆ ಬೇಡ ಎಂದು ಒಪ್ಪಂದವಾಗಿದೆ. ಸಾಧ್ಯವಾದಷ್ಟು ದಿನ ಹಾಲೂಡಿಸುವುದು, ಅದು ತಾಯಿಯ ಶುಗರಿಗೂ ಒಳ್ಳೆಯದು. ಆರು ತಿಂಗಳಿಗೆ ತೂಕ ನೋಡಿ, ಮೆಟ್‌ಫಾರ್ಮಿನ್ ಬೇಕೇ ಎಂದು ಮತ್ತೆ ಕೂತು ಮಾತಾಡುವುದು. ವರ್ಷಕ್ಕೊಮ್ಮೆ ಶುಗರ್ ಪರೀಕ್ಷೆ. ಮೂರನೇ ಮಗು ಬೇಕೆನಿಸಿದರೆ ಗರ್ಭನಿರೋಧಕ ನಿಲ್ಲಿಸುವ ಮೊದಲು ಎಚ್‌ಬಿಎ1ಸಿ ನೋಡುವುದು. ದಾಖಲೆಯಲ್ಲಿ 28ನೇ ವಾರದ "ಸಹಕಾರ ಸಾಲದು" ಎಂಬ ಸಾಲಿನ ಪಕ್ಕ ವೈದ್ಯರು ತಾರೀಖು ಹಾಕಿ ತಿದ್ದುಪಡಿ ಬರೆದಿದ್ದಾರೆ: ಖಾಲಿ ಹೊಟ್ಟೆಯ ಶುಗರ್ ಪಥ್ಯಕ್ಕೆ ಬಗ್ಗದೇ ಇತ್ತು, ಇನ್ಸುಲಿನ್ ಅಂದೇ ಶುರುವಾಗಬೇಕಿತ್ತು.